ಗುರುವಾರ ಬರುವವಳು

"ಸಹಿ ನಂದೇ," ಎಂದರು ಆಪರೇಟರಮ್ಮ. "ದುಡ್ಡು ಮಾತ್ರ ನನ್ನ ಕೈಗೆ ಬಂದಿಲ್ಲ."

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಉಳಿತಾಯ ಸಂಘದ ಠೇವಣಿ ಮುಕ್ತಾಯದ ಅರ್ಜಿ ಅದು. ಕೆಳಗೆ ಎರಡು ಕಡೆ ಅವರ ಸಹಿ ಇತ್ತು. ಒಂದು ಅರ್ಜಿಗೆ, ಇನ್ನೊಂದು ಹಣ ಮುಟ್ಟಿದ್ದಕ್ಕೆ. ಎಪ್ಪತ್ತೊಂದು ವರ್ಷದ ಕೈ ಎರಡರಲ್ಲೂ ಎಳ್ಳಷ್ಟೂ ನಡುಗಿರಲಿಲ್ಲ.

ಎದುರಿಗೆ ಕೂತಿದ್ದ ಮುಕ್ಕಣ್ಣಿ ಪೆನ್ನಿನ ಮುಚ್ಚಳ ತೆಗೆದವಳು ಏನೂ ಬರೆಯದೆ ಹಾಗೆಯೇ ಹಿಡಿದುಕೊಂಡಳು. ಸಹಿ ನಕಲಿ ಎಂಬ ಉತ್ತರ ಸಿಗುತ್ತದೆಂದು ಬಂದಿದ್ದಳು. ನಕಲಿಯಾಗಿದ್ದರೆ ಕೆಲಸ ಎಷ್ಟೋ ಸುಲಭವಿತ್ತು.

ಮುಕ್ಕಣ್ಣಿ ಹಣಕಾಸು ಸಂಸ್ಥೆಗಳ ಮೇಲ್ವಿಚಾರಣಾ ಇಲಾಖೆಯ ತನಿಖಾಧಿಕಾರಿ. ಅವಳ ನಿಜವಾದ ಹೆಸರನ್ನು ಸಂಬಳದ ಪಟ್ಟಿ ಬಿಟ್ಟು ಬೇರಾರೂ ಬಳಸುತ್ತಿರಲಿಲ್ಲ. ಮೊದಲು ಹನ್ನೊಂದು ವರ್ಷ ಲೆಕ್ಕಪರಿಶೋಧಕಿ, ಆಮೇಲೆ ಇಲಾಖೆಯ ನೌಕರಿ, ನಲವತ್ತು ದಾಟಿದ ಮೇಲೆ ನಾಲ್ಕು ವರ್ಷ ರಜೆ ಹಾಕಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಸಂಶೋಧನೆ. ಲೆಕ್ಕಕ್ಕೊಂದು, ಕಾನೂನಿಗೊಂದು, ಜನಕ್ಕೊಂದು ಕಣ್ಣು ಎಂದು ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡಿತ್ತು. ಮೂರು ಕಣ್ಣಿನ ಅಧಿಕಾರಿಗೆ ಮಧ್ಯಾಹ್ನ ಊಟದ ಮೇಜಿನಲ್ಲಿ ಎದುರಿಗೆ ಕೂರುವವರು ಮಾತ್ರ ಒಬ್ಬರೂ ಇರಲಿಲ್ಲ. ತನಿಖೆ ಮಾಡುವವರ ಜೊತೆ ಡಬ್ಬಿ ಬಿಚ್ಚುವುದು ಯಾರಿಗೆ ತಾನೇ ಹಿತ.

ಹತ್ತು ದಿನದ ಹಿಂದೆ ಇದೇ ಸಂಘದ ಮೇಲೆ ದೂರು ಕೊಟ್ಟಿದ್ದ ಗಡಿಯಾರ ರಿಪೇರಿಯ ತಾತ, ಅವಳು ಹೋಗಿ ಮಾತಾಡಿಸುವ ಮೊದಲೇ, ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು. ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದು ಮುಗಿಸಿದ್ದರು.

"ಅಂದ್ರೆ ಮೋಸ ಮಾಡಿ ಸಹಿ ಹಾಕಿಸ್ಕೊಂಡಿದ್ದಾರೆ," ಎಂದಳು ಮುಕ್ಕಣ್ಣಿ.

"ಹಾಗಂತ ಬರ್ಕೋಬೇಡಿ."

"ಮತ್ತೆ?"

"ಮೂವತ್ನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡಿದೋಳು ನಾನು. ಟ್ರಂಕ್ ಕಾಲಲ್ಲಿ ಮೂರು ನಿಮಿಷ ಆದ ತಕ್ಷಣ ನಡುವೆ ಬಾಯಿ ಹಾಕಿ, ಮುಂದುವರಿಸ್ತೀರಾ ಅಂತ ಕೇಳೋದೇ ಕೆಲಸ. ಗಂಡ ಹೆಂಡ್ತಿ ಜಗಳದ ಮಧ್ಯೆನೂ ಕೇಳಿದ್ದೀನಿ. ಮುಂದುವರಿಸ್ತೀವಿ ಅಂತಲೇ ಹೇಳೋರು." ಅವರು ನಕ್ಕರು. ನಗು ಬೇಗ ಮುಗಿಯಿತು. "ಓದದೆ ಸಹಿ ಹಾಕೋ ಪೈಕಿ ಅಲ್ಲ ನಾನು."

"ಇದನ್ನ ಓದಿದ್ರಾ?"

"ಪ್ರತಿ ಅಕ್ಷರ."

"ಠೇವಣಿ ಹೋಗುತ್ತೆ ಅಂತ ಗೊತ್ತಿತ್ತು?"

"ಗೊತ್ತಿತ್ತು."

ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ದಬ್ಬೆಂದು ಮುಚ್ಚಿ, ಉಸ್ಸೆಂದು ಹಬೆ ಬಿಟ್ಟು, ಮತ್ತೆ ತೆರೆಯಿತು. ಆ ಸದ್ದಿನ ಮೇಲೇ ಇತ್ತು ಈ ಮನೆ. ಒಂದು ಕೋಣೆ, ಒಂದು ಮಂಚ, ಮೇಜು, ಎರಡು ಕುರ್ಚಿ. ಒಂದು ಕುರ್ಚಿಗೆ ಮೆತ್ತನೆಯ ದಿಂಬು ಕಟ್ಟಿತ್ತು. ಮುಕ್ಕಣ್ಣಿ ಬಂದವಳೇ ಅದರಲ್ಲಿ ಕೂರಹೋದಾಗ, "ಅದು ಬೇಡ, ಈ ಕಡೆ ಬನ್ನಿ," ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ತಾವು ಮಂಚದ ಅಂಚಿನಲ್ಲಿ ಕೂತಿದ್ದರು ಆಪರೇಟರಮ್ಮ.

"ಗೊತ್ತಿದ್ದೂ ಯಾಕೆ ಹಾಕಿದ್ರಿ ಅಮ್ಮಾ?"

"ಹಾಕಲ್ಲ ಅಂದಿದ್ರೆ ಅವಳು ಮತ್ತೆ ಬರ್ತಿರಲಿಲ್ಲ."

ಮುಕ್ಕಣ್ಣಿ ಕಾದಳು. ಲೆಕ್ಕ ಕೇಳುವವರು ಮುಂದಿನ ಪ್ರಶ್ನೆಗೆ ಹಾರುತ್ತಾರೆ. ಜನರನ್ನು ಕೇಳುವವರು ಸುಮ್ಮನಿರಬೇಕು. ಅದನ್ನು ಅವಳು ತಡವಾಗಿ ಕಲಿತಿದ್ದಳು.

"ಹೆಸರೇನೋ ಹೇಳಿದ್ಳು. ನಾನು ಗುರುವಾರದವಳು ಅಂತಲೇ ಅಂತೀನಿ. ಹನ್ನೊಂದಕ್ಕೆ ಬರ್ತಾಳೆ, ಒಂದಕ್ಕೆ ಹೋಗ್ತಾಳೆ. ಮೂರು ವರ್ಷದಲ್ಲಿ ತಪ್ಪಿಸಿದ್ದು ಎರಡೇ ವಾರ. ಒಂದ್ಸಲ ಜ್ವರ, ಒಂದ್ಸಲ ಬಸ್ ಮುಷ್ಕರ. ಆಮೇಲೆ, ನಡ್ಕೊಂಡೇ ಬರಬಹುದಿತ್ತು ಅಂತ ಒಂದು ತಿಂಗಳು ಕೊರಗಿದ್ಳು."

"ಇಪ್ಪತ್ತೆರಡು ವರ್ಷದ ಉಳಿತಾಯ ಅಲ್ವಾ ಅದು?"

"ಇಟ್ಕೊಂಡು ಏನ್ಮಾಡ್ತಿದ್ದೆ ಹೇಳಿ. ಹೊಟ್ಟೆಗೆ ಬಟ್ಟೆಗೆ ಪಿಂಚಣಿ ಸಾಕು. ಆ ದುಡ್ಡು ಬಂದು ನನ್ನ ಜೊತೆ ಮಾತಾಡುತ್ತಾ?"

ಮುಕ್ಕಣ್ಣಿಯ ಮುಂದಿದ್ದ ಹೇಳಿಕೆ ಪತ್ರದಲ್ಲಿ ಈ ಉತ್ತರ ಬರೆಯಲು ಜಾಗವಿರಲಿಲ್ಲ.

ನಿನ್ನೆ ಇಡೀ ದಿನ ಅವಳು ಸಂಘದ ದಾಖಲೆಗಳನ್ನು ನೋಡಿದ್ದಳು. ವೋಚರು, ರಸೀದಿ, ನಗದು ಪುಸ್ತಕ ಒಂದಕ್ಕೊಂದು ತಾಳೆಯಾಗಿದ್ದವು. ಅರ್ಜಿ, ಗುರುತಿನ ಚೀಟಿಯ ಪ್ರತಿ, ಸಾಕ್ಷಿಯ ಸಹಿ, ನಿಯಮ ಕೇಳುವುದೆಲ್ಲ ಇತ್ತು. ಎರಡು ಕಣ್ಣಿಗೂ ಏನೂ ಸಿಗಲಿಲ್ಲ. ಫೈಲು ಕಟ್ಟುವ ಹೊತ್ತಿಗೆ ಮೂರನೆಯದು ಒಂದು ಕಡೆ ನಿಂತಿತು. ಕಳೆದ ಎರಡು ವರ್ಷದಲ್ಲಿ ಅವಧಿಗೆ ಮೊದಲೇ, ಪೂರ್ತಿ ನಗದಾಗಿ ಠೇವಣಿ ತೆಗೆದವರು ಹತ್ತೊಂಬತ್ತು ಜನ. ನಾಮಿನಿಯ ಜಾಗದಲ್ಲಿ ಹತ್ತೊಂಬತ್ತು ಅರ್ಜಿಯಲ್ಲೂ 'ಇಲ್ಲ' ಎಂದಿತ್ತು.

ನಾಮಿನಿ ಬರೆಯದವರು ಆ ಸಂಘದಲ್ಲಿ ಮುನ್ನೂರು ಜನ. ಸೋಮಾರಿತನಕ್ಕೆ ಬರೆಯದವರು, ಮಕ್ಕಳ ಮೇಲಿನ ಸಿಟ್ಟಿಗೆ ಬರೆಯದವರು ಎಲ್ಲ ಅದರಲ್ಲಿದ್ದರು. ಆದರೆ ಈ ಹತ್ತೊಂಬತ್ತು ಮಂದಿಗೆ ನಿಜವಾಗಿಯೂ ಯಾರೂ ಇರಲಿಲ್ಲ. ಸತ್ತರೆ ಠೇವಣಿಯೆಲ್ಲಿ ಎಂದು ಕೇಳಿಕೊಂಡು ಬರುವ ಒಬ್ಬ ದೂರದ ನೆಂಟನೂ ಇರಲಿಲ್ಲ. ಅಂಥವರನ್ನೇ ಆರಿಸಬೇಕಾದರೆ ಸಂಘದ ಕಡತ ಸಾಲದು. ಮನೆ ಮನೆಗೆ ಹೋಗಿ, ಕೂತು ಕೇಳಿ ಬರೆದ ಪಟ್ಟಿ ಬೇಕು.

"ಮೊದಲ ದಿನ ಬಂದಾಗ ಅವಳು ಏನಂದಳು, ನೆನಪಿದೆಯಾ?"

"ನೆನಪಿಲ್ದೆ ಏನು. ಸಂಘದಿಂದ ಕ್ಷೇಮ ವಿಚಾರಿಸೋಕೆ ಬಂದಿದ್ದೀನಿ ಅಂದ್ಳು. ಬಾಗಿಲಲ್ಲೇ ನಿಂತು, ಅಮ್ಮಾ ನೀವು ಜ್ವರ ಬಂದಾಗ ಲೋಟ ಎತ್ತೋಕೂ ಆಗದೆ ನಲ್ಲಿಗೇ ಬಾಯಿ ಕೊಟ್ಟು ನೀರು ಕುಡಿದ್ರಂತಲ್ಲ, ಇನ್ಮೇಲೆ ನಾನಿದ್ದೀನಿ ಅಂದ್ಳು." ಆಪರೇಟರಮ್ಮ ಮುಕ್ಕಣ್ಣಿಯ ಮುಖವನ್ನೇ ನೋಡಿದರು. "ಆ ವಿಷಯ ನಾನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದು."

"ಯಾರಿಗೆ?"

"ನಿಮಗೇ."

ಇಸ್ತ್ರಿ ಯಂತ್ರ ಮತ್ತೆ ಮುಚ್ಚಿಕೊಂಡಿತು.

"ಎಂಟು ವರ್ಷದ ಹಿಂದೆ ಬಂದಿದ್ರಿ. ಇಷ್ಟು ನರೆ ಇರಲಿಲ್ಲ ಆಗ. ಒಂದೂವರೆ ಗಂಟೆ ಕೂತು ಬರ್ಕೊಂಡ್ರಿ. ನೀವಾಗೇ ಹೇಳ್ತೀರೇನೋ ಅಂತ ಬೆಳಗ್ಗಿಂದ ಕಾಯ್ತಾ ಇದ್ದೆ. ನೆನಪಿಲ್ವಾ?"

ಮುಕ್ಕಣ್ಣಿ ಆ ಮುಖವನ್ನು ಹುಡುಕಿದಳು. ಅಗಲವಾದ ಹಣೆ, ಕಿವಿಯ ಹಿಂದೆ ಹೆಡ್‌ಫೋನು ಒತ್ತಿ ಒತ್ತಿ ಬಿದ್ದ ಗುರುತು. ನೆನಪಾಗಲಿಲ್ಲ. ಒಂಟಿಯಾಗಿ ಬದುಕುವವರ ಬಗೆಗಿನ ಅವಳ ಸಂಶೋಧನೆಗೆ ಇನ್ನೂರ ಹದಿನಾಲ್ಕು ಮನೆಗಳಿಗೆ ಹೋಗಿದ್ದಳು. ನಲ್ಲಿಗೆ ಬಾಯಿ ಕೊಟ್ಟು ಕುಡಿದ ಮಾತು ಮಾತ್ರ ಚೆನ್ನಾಗಿ ನೆನಪಿತ್ತು. ಅದನ್ನು ಪ್ರಬಂಧದ ನಾಲ್ಕನೇ ಅಧ್ಯಾಯದ ಮೊದಲಿಗೇ ಬಳಸಿದ್ದಳು. ಪರೀಕ್ಷಕರು ಬಹಳ ಮೆಚ್ಚಿದ್ದರು. ಹೆಸರಿನ ಬದಲು ಕ್ರಮಸಂಖ್ಯೆ ಬರೆಯಬೇಕೆಂಬುದು ಸಂಶೋಧನೆಯ ನಿಯಮ. ಆ ನಿಯಮವನ್ನು ಅವಳು ಮನಸ್ಸಿನೊಳಗೂ ಪಾಲಿಸಿದ್ದಳು.

"ಕ್ಷಮಿಸಿ ಅಮ್ಮಾ."

"ಅಯ್ಯೋ ಇರಲಿ ಬಿಡಿ. ಮತ್ತೆ ಬರ್ತೀನಿ ಅಂದಿದ್ರಿ. ಎಲ್ಲರೂ ಹಾಗೇ ಅಂತಾರೆ."

ನಿಮ್ಮ ಮಾತು ಈ ಕಾಗದ ಬಿಟ್ಟು ಆಚೆ ಹೋಗೋದಿಲ್ಲ ಎಂದೂ ಅವಳು ಹೇಳಿದ್ದಳು. ಇನ್ನೂರ ಹದಿನಾಲ್ಕು ಮನೆಯಲ್ಲೂ ಹೇಳಿದ್ದಳು.

ಆ ಫಾರಂಗಳು ಎರಡು ಕಡೆ ಇದ್ದವು. ವಿಶ್ವವಿದ್ಯಾಲಯದ ಕಪಾಟಿನಲ್ಲಿದ್ದ ಮೂಲವನ್ನು ಪದವಿ ಸಿಕ್ಕಮೇಲೆ ಅವಳೇ ನಿಂತು ಚೂರು ಮಾಡಿಸಿದ್ದಳು. ಇನ್ನೊಂದು ಪ್ರತಿ ಇಲಾಖೆಯಲ್ಲಿತ್ತು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ನಿರ್ದೇಶಕರು, "ಒಂಟಿ ಠೇವಣಿದಾರರ ರಕ್ಷಣೆಗೆ ಒಂದು ನಿಯಮ ಮಾಡೋಣ, ಒಂದು ಪ್ರತಿ ಇಲ್ಲೂ ಇರಲಿ," ಎಂದಿದ್ದರು. ಹೆಸರು ವಿಳಾಸವಿದ್ದ ಮೊದಲ ಹಾಳೆ ಕಿತ್ತು ಕೊಡಬೇಕಿತ್ತು. ಅವಸರದಲ್ಲಿ ಹಾಗೆಯೇ ಕೊಟ್ಟಿದ್ದಳು. ಅವಸರವೆಂಬುದೂ ಪೂರ್ತಿ ನಿಜವಲ್ಲ, ಕೇಳಿದವರ ಮೇಲೆ ಅಷ್ಟು ನಂಬಿಕೆಯಿತ್ತು.

ಅಲ್ಲಿಂದ ಯಾರೋ ಕದ್ದಿದ್ದಾರೆ. ದಾಖಲೆ ಕೋಣೆಯ ಬೀಗದ ಕೈ ಎಷ್ಟು ಜನರ ಹತ್ತಿರ ಇರಬಹುದೆಂದು ಅವಳು ಎಣಿಸುತ್ತಿರುವಾಗಲೇ ಫೋನು ಅದುರಿತು. ನಿರ್ದೇಶಕರೇ.

"ಎಲ್ಲಿದ್ದೀರಿ?"

"ಹೊರಗಿದ್ದೀನಿ ಸಾರ್. ಒಬ್ಬ ಠೇವಣಿದಾರರ ಮನೇಲಿ."

"ಯಾರ ಮನೆ?"

ಆಪರೇಟರಮ್ಮ ಎದುರಿಗೇ ಇದ್ದರು. ಅವರ ಮುಂದೆ ಅವರ ಹೆಸರು ಹೇಳುವುದು ಚೆನ್ನಾಗಿರುವುದಿಲ್ಲ ಎನಿಸಿ, "ಬಂದು ವಿವರ ಹೇಳ್ತೀನಿ ಸಾರ್," ಎಂದಳು.

"ಆಗಲಿ. ಬಿಸಿಲು ಜೋರಾಗಿದೆ, ನೀರು ಕುಡೀತಾ ಇರಿ. ಊಟ ತಪ್ಪಿಸಬೇಡಿ."

ಅವಳನ್ನು ಹಾಗೆ ಕೇಳುವವರು ಅವರೊಬ್ಬರೇ. ಲೆಕ್ಕದವಳಿಗೆ ಸಮಾಜಶಾಸ್ತ್ರ ಯಾಕೆ ಎಂದು ಕಚೇರಿಯೆಲ್ಲ ನಕ್ಕಾಗ ರಜೆ ಮಂಜೂರು ಮಾಡಿದವರೂ ಅವರೇ. ಕಳೆದ ವಾರವಿಡೀ ಅವಳ ಫೋನಿಗೆ ಬಂದ, ಕೆಲಸಕ್ಕೆ ಸಂಬಂಧವಿಲ್ಲದ ಮಾತೆಂದರೆ ಅಷ್ಟೇ, ನೀರು ಮತ್ತು ಊಟ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಆಪರೇಟರಮ್ಮನ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಅವಳನ್ನ ಬೈಬೇಡಿ ಮೇಡಂ," ಎಂದರು ಮೆಲ್ಲಗೆ.

ಒಳಗೆ ಬಂದವಳಿಗೆ ನಲವತ್ತರ ಆಸುಪಾಸು. ಹೆಗಲಲ್ಲಿ ಬಟ್ಟೆಯ ಚೀಲ, ಅದರೊಳಗಿಂದ ಇಣುಕುವ ಹೊಸ ಬಲ್ಬಿನ ಪೆಟ್ಟಿಗೆ. ಮುಕ್ಕಣ್ಣಿಯ ಕೊರಳಲ್ಲಿದ್ದ ಇಲಾಖೆಯ ಗುರುತಿನ ಚೀಟಿಯ ಮೇಲೆ ಕಣ್ಣು ಬಿದ್ದಾಗ ಹೊಸ್ತಿಲಲ್ಲೇ ನಿಂತಳು. ಓಡುತ್ತಾಳೆಂದು ಮುಕ್ಕಣ್ಣಿ ಎದ್ದಳು. ಓಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಕೊನೆಗೂ ಬಂದ್ರಾ," ಎಂದಳು.

"ನಾನು ಯಾರು ಅಂತ ಗೊತ್ತಾ?"

"ಗೊತ್ತು. ಮೊದಲು ಅಮ್ಮನ ಕಾಲಿಗೆ ಮುಲಾಮು ಹಚ್ಚಬೇಕು. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ದಿಂಬಿನ ಕುರ್ಚಿ ಎಳೆದುಕೊಂಡು ಕೂತು, ಆಪರೇಟರಮ್ಮನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಮಂಡಿ ಊದಿತ್ತು. ಅವಳ ಹೆಬ್ಬೆರಳು ನೋವಿರುವ ಜಾಗವನ್ನು ಕೇಳದೆಯೇ ಕಂಡುಕೊಂಡಿತು.

"ಯಾರು ಕಳಿಸಿದ್ದು ನಿಮ್ಮನ್ನ?" ಎಂದಳು ಮುಕ್ಕಣ್ಣಿ.

"ಸಂಘದ ಕಾರ್ಯದರ್ಶಿ. ಆಸ್ಪತ್ರೇಲಿ ಆಯಾ ಆಗಿದ್ದೆ, ಕೆಲಸ ಹೋಗಿತ್ತು. ಹತ್ತೊಂಬತ್ತು ಮನೆ, ವಾರಕ್ಕೊಂದ್ಸಲ ಹೋಗಿ ಕ್ಷೇಮ ವಿಚಾರಿಸಬೇಕು, ತಿಂಗಳ ಸಂಬಳ ಅಂದ್ರು. ಒಂದು ಕಟ್ಟು ಫಾರಂ ಕೊಟ್ರು. ಯಾರಿಗೆ ಏನು ನೋವು, ಯಾರಿಗೆ ಯಾರಿಲ್ಲ, ಎಲ್ಲ ಬರೆದಿತ್ತು. ಓದ್ಕೊಂಡು ಹೋಗು ಅಂದ್ರು."

"ಅವರಿಗೆ ಕೊಟ್ಟೋರು ಯಾರು?"

"ಗೊತ್ತಿಲ್ಲ. ಮೇಲಿನವರು ಅಂತಿದ್ರು."

"ಸಹಿ?"

"ಒಂದು ವರ್ಷ ಸುಮ್ನೆ ಮಾತಾಡಿಸ್ಕೊಂಡು ಬಾ ಅಂದ್ರು. ಆಮೇಲೆ ಒಂದೊಂದೇ ಕಾಗದ ಕೊಡೋಕೆ ಶುರು ಮಾಡಿದ್ರು. ಮೊದಲ ಮೂರು ಏನು ಅಂತ ತಿಳೀಲಿಲ್ಲ. ನಾಲ್ಕನೇದರಿಂದ ತಿಳೀತು."

"ತಿಳಿದೂ ತಂದ್ರಿ."

"ತಂದೆ."

ಅವಳು ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಸಮಜಾಯಿಷಿ ಹೇಳುವವರನ್ನು ಹಿಡಿಯುವುದು ಮುಕ್ಕಣ್ಣಿಗೆ ಗೊತ್ತಿತ್ತು. ಹೇಳದವರ ಮುಂದೆ ದನಿ ತಾನಾಗಿ ಗಡುಸಾಯಿತು.

"ಯಾರೂ ಇಲ್ಲದವರನ್ನ ಹುಡುಕಿ ದೋಚಿದ್ದೀರಿ. ಮೂರು ವರ್ಷ ಅವರ ನಂಬಿಕೆ ಗಳಿಸಿ."

"ಹೌದು ಮೇಡಂ. ಜೈಲಿಗೆ ಹಾಕಿ, ಬೇಡ ಅನ್ನಲ್ಲ." ಈಗ ತಲೆ ಎತ್ತಿದಳು. "ಆ ಫಾರಂ ತಲೆ ಮೇಲೆ ನಿಮ್ಮ ಹೆಸರಿತ್ತು. ಹೋದ ಮನೇಲೆಲ್ಲ ನಿಮ್ಮನ್ನೇ ಕೇಳೋರು. ಆ ಓದಿರೋ ಮೇಡಂ ಮತ್ತೆ ಬರ್ತೀನಿ ಅಂದಿದ್ರು, ಯಾವಾಗ ಬರ್ತಾರಮ್ಮಾ ಅಂತ. ಬರ್ತಾರೆ ಬರ್ತಾರೆ ಅಂತ ನಿಮ್ಮ ಪರವಾಗಿ ನಾನೇ ಸುಳ್ಳು ಹೇಳಿದ್ದೀನಿ. ನಾನು ದುಡ್ಡು ತಗೊಂಡು ಹೋದೆ. ನೀವು ಮಾತು ತಗೊಂಡು ಹೋದ್ರಿ."

"ಸಾಕು ಬಿಡೇ," ಎಂದರು ಆಪರೇಟರಮ್ಮ. "ಅವರ ಮುಖ ನೋಡು ಹೇಗಾಯ್ತು."

ಆ ಮಾತುಗಳಿಂದ ಮುಕ್ಕಣ್ಣಿಗೆ ಪದವಿ ಬಂದಿತ್ತು, ಬಡ್ತಿ ಬಂದಿತ್ತು, ಎರಡು ಸಮ್ಮೇಳನಗಳ ಆಹ್ವಾನ ಬಂದಿತ್ತು. ಒಂಟಿತನದ ಬಗ್ಗೆ ಮುನ್ನೂರು ಪುಟ ಬರೆದು ಮನೆಗೆ ಹೋಗಿ, ದೀಪ ತಾನೇ ಹಾಕಿಕೊಂಡು, ತಟ್ಟೆ ಒಂದೇ ತೊಳೆದಿಟ್ಟು ಮಲಗುತ್ತಿದ್ದಳು. ಇನ್ನೂರ ಹದಿನಾಲ್ಕು ಮನೆಗಳಲ್ಲಿ ಒಂದಕ್ಕಾದರೂ ಸುಮ್ಮನೆ ಹೋಗಿ ಕೂರಬಹುದಿತ್ತೆಂದು ಈವರೆಗೆ ತೋಚಿರಲಿಲ್ಲ.

ಮುಕ್ಕಣ್ಣಿ ಕೇಳಿದಳು: "ಗಡಿಯಾರದ ತಾತನ ಮನೆಗೂ ಹೋಗ್ತಿದ್ರಾ?"

"ಮಂಗಳವಾರ."

"ದೂರು ಬರೆಯೋ ವಿಷಯ ಅವರು ನಿಮಗೆ ಹೇಳಿದ್ರಾ?"

ಮುಲಾಮಿನ ಕೈ ನಿಂತಿತು.

"ಅದು ತಾತ ಬರೆದದ್ದಲ್ಲ. ನಾನು ಬರೆದದ್ದು."

"ನೀವಾ?"

"ಎರಡು ತಿಂಗಳ ಹಿಂದೆ ಕಾರ್ಯದರ್ಶಿ ಕರೆದು, ಎಲ್ಲರದೂ ಮುಗೀತು, ಇನ್ಮೇಲೆ ಯಾರ ಮನೆಗೂ ಹೋಗ್ಬೇಡ ಅಂದ್ರು. ಸಂಬಳ ನಿಲ್ಲಿಸಿದ್ರು. ಹೋಗ್ದೆ ಹೇಗಿರೋದು ಹೇಳಿ. ತಾತ ಬೆಳಗ್ಗಿಂದ ಬಾಗಿಲು ತೆಗೆದಿಟ್ಕೊಂಡು ಕೂತಿರೋರು. ಒಂದು ದಿನ ಅವರು, ಈ ಸಲ ಕಣ್ಣಿನ ಆಪರೇಷನ್ ಮಾಡಿಸ್ಕೋತೀನಿ, ಸಂಘದಲ್ಲಿ ದುಡ್ಡಿದೆಯಲ್ಲ ಅಂದ್ರು. ಅವತ್ತೇ ಬಸ್‌ಸ್ಟಾಪಲ್ಲಿ ಕೂತು ಬರೆದೆ."

"ನಿಮ್ಮ ಹೆಸರಲ್ಲೇ ಬರೀಬಹುದಿತ್ತಲ್ಲ."

"ನನ್ನ ಒಳಗೆ ಹಾಕ್ತಿದ್ರು. ಆಮೇಲೆ ಇವರೆಲ್ಲರ ಮನೆಗೆ ಯಾರು ಹೋಗ್ತಾರೆ? ಅದಕ್ಕೆ ತಾತನ ಹೆಸರಲ್ಲಿ ಬರೆದೆ. ಇಲಾಖೇಲಿ ಬೇರೆ ಯಾರ ಮೇಲೂ ಧೈರ್ಯ ಬರಲಿಲ್ಲ. ಫಾರಂ ಮೇಲಿದ್ದ ನಿಮ್ಮ ಹೆಸರಿಗೇ, ಖಾಸಗಿ ಅಂತ ಬರೆದು ಹಾಕಿದೆ. ತಾತನಿಗೆ ವಿಷಯವೇ ಗೊತ್ತಿರಲಿಲ್ಲ."

ಮುಕ್ಕಣ್ಣಿ ನಿಧಾನವಾಗಿ ಕುರ್ಚಿಯ ಹಿಂಬದಿಗೆ ಒರಗಿದಳು.

ತಾತನಿಗೇ ಗೊತ್ತಿರಲಿಲ್ಲ. ಅಂದ ಮೇಲೆ ಅವರ ಬಾಯಿಂದ ಸಂಘಕ್ಕೆ ಸುದ್ದಿ ಹೋಗಿರಲು ಸಾಧ್ಯವಿಲ್ಲ. ಅಂಚೆ ಲಕೋಟೆ ಅವಳ ಕೈಗೆ ಬಂದಾಗ ಅಂಟು ಬಿಚ್ಚಿರಲಿಲ್ಲ. ತನ್ನ ಕೋಣೆಯಲ್ಲಿ ಒಬ್ಬಳೇ ಒಡೆದು ಓದಿದ್ದಳು. ಓದಿದವಳು ಎದ್ದು, ಓಣಿ ದಾಟಿ, ನಿರ್ದೇಶಕರ ಕೈಗೆ ಕೊಟ್ಟಿದ್ದಳು. ಅವರು ಓದಿ, ಮಡಿಸಿ, ತಮ್ಮ ಮೇಜಿನ ಖಾನೆಗೆ ಹಾಕಿಕೊಂಡು, "ಎರಡು ದಿನ ತಡೀರಿ, ಆದೇಶ ಇಲ್ಲದೆ ಹೋದ್ರೆ ನಾಳೆ ಕೋರ್ಟಲ್ಲಿ ನಿಲ್ಲಲ್ಲ," ಎಂದಿದ್ದರು. ಎರಡನೇ ದಿನ ತಾತ ಸತ್ತರು.

ಬರೆದವಳನ್ನು ಬಿಟ್ಟರೆ ಆ ಕಾಗದ ಓದಿದವರು ಜಗತ್ತಿನಲ್ಲಿ ಇಬ್ಬರು. ಒಬ್ಬಳು ಮುಕ್ಕಣ್ಣಿ.

ಫಾರಂಗಳ ಎರಡನೇ ಪ್ರತಿಯನ್ನೂ ಅವಳು ದಾಖಲೆ ಕೋಣೆಗೆ ಕೊಟ್ಟಿರಲಿಲ್ಲ. ಅವರ ಕೈಗೇ ಕೊಟ್ಟಿದ್ದಳು. ದಾಖಲೆ ಕೋಣೆಗೆ ಹೋಗಿದೆ ಎಂದು ತಾನಾಗಿ ಅಂದುಕೊಂಡಿದ್ದಳು, ಅಷ್ಟೇ.

ಸಿಟ್ಟು ಬರಬೇಕಿತ್ತು. ಬಂದದ್ದು, ಇನ್ನು ಮೇಲೆ ಊಟ ಆಯಿತಾ ಎಂದು ಕೇಳುವವರೂ ಇಲ್ಲವೆಂಬ ಒಂದು ಬರಿದು. ಹಾಗೆ ಅನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಮೇಡಂ," ಎಂದಳು ಗುರುವಾರದವಳು. ದನಿ ಸಣ್ಣದಾಗಿತ್ತು. "ತಾತ ಜಾರಿ ಬಿದ್ದಿದ್ದಲ್ವಾ?"

ಮುಕ್ಕಣ್ಣಿ ಸುಳ್ಳು ಹೇಳಲಿಲ್ಲ. "ಅಲ್ಲ ಅಂತ ಕಾಣುತ್ತೆ."

"ಪೊಲೀಸ್ರು ಹಾಗಂದ್ರು, ನಂಬಿದೆ. ತಾತ ಹೋದ ಮೇಲೆ ದೂರೂ ಮೂಲೆ ಸೇರಿತು ಅಂದ್ಕೊಂಡೆ. ಅದಕ್ಕೇ..."

"ಅದಕ್ಕೇ ಏನು?"

"ಮೊನ್ನೆ ಇನ್ನೆರಡು ಬರೆದು ಹಾಕಿದೆ. ನಿಮ್ಮ ಹೆಸರಿಗೇ."

"ಯಾರ ಕಡೆಯಿಂದ?"

ಅವಳು ತೊಡೆಯ ಮೇಲಿದ್ದ ಊದಿದ ಕಾಲನ್ನು ನೋಡಿದಳು. "ಒಂದು ಅಮ್ಮನ ಹೆಸರಲ್ಲಿ."

ಆಪರೇಟರಮ್ಮ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಇನ್ನೊಂದು?"

"ಬೈಂಡಿಂಗ್ ಮಾವನ ಹೆಸರಲ್ಲಿ. ಪುಸ್ತಕ ಹೊಲೀತಿದ್ರು, ಈಗ ಕಣ್ಣು ಪೂರ್ತಿ ಹೋಗಿದೆ. ಶನಿವಾರದ ಮನೆ."

ಮುಕ್ಕಣ್ಣಿ ಆಗಲೇ ಕಚೇರಿಯ ಟಪಾಲು ಗುಮಾಸ್ತನಿಗೆ ಫೋನು ಹಚ್ಚಿದ್ದಳು.

"ಬಂತು ಮೇಡಂ, ಹತ್ತೂವರೆಗೇ ಬಂತು," ಎಂದ ಅವನು. "ನಿಮಗೆ ಎರಡಿತ್ತು, ಖಾಸಗಿ ಅಂತ. ನೀವಿಲ್ಲ ಅಂದೆ, ನಾನೇ ತಲುಪಿಸ್ತೀನಿ ಅಂತ ಸಾಹೇಬ್ರು ತಗೊಂಡ್ರು."

"ಸಾಹೇಬ್ರು ಇದ್ದಾರಾ?"

"ಇಲ್ಲ ಮೇಡಂ. ಹನ್ನೊಂದಕ್ಕೆ ಮೊದಲೇ ಹೊರಟ್ರು. ಡ್ರೈವರ್ ಬೇಡ ಅಂದು ತಾವೇ ಗಾಡಿ ತಗೊಂಡು ಹೋದ್ರು."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ನಲವತ್ತು. ಯಾರ ಮನೆ ಎಂದು ಅವರು ಕೇಳಿದ್ದು ಆ ಕಾಗದಗಳನ್ನು ಓದಿದ ಮೇಲೆ. ಠೇವಣಿದಾರರ ಮನೆ ಎಂದು ಅವಳೇ ಹೇಳಿಬಿಟ್ಟಿದ್ದಳು; ಎರಡು ಹೆಸರಿನಲ್ಲಿ ಒಂದು ಕಡೆ ಅವಳಿರಬಹುದೆಂದು ಅವರು ಊಹಿಸಿರುತ್ತಾರೆ.

"ಬೈಂಡಿಂಗ್ ಮಾವನಿಗೆ ಫೋನಿದೆಯಾ?"

"ಇಲ್ಲ. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂರನೇ ಮಹಡಿ. ನಿಮ್ಮ ಕಚೇರಿಗೆ ಹತ್ತಿರ." ಅವಳು ಎದ್ದು ನಿಂತಿದ್ದಳು, ಕೈಯಲ್ಲಿ ಇನ್ನೂ ಮುಲಾಮು. "ಮೇಡಂ, ಅವರಿಗೆ ಕಾಣಲ್ಲ. ಯಾರು ಬಾಗಿಲು ತಟ್ಟಿದ್ರೂ ನಾನೇ ಅಂದ್ಕೊಂಡು ತೆಗೀತಾರೆ."

ಆಪರೇಟರಮ್ಮ ಮಂಚದಿಂದಿಳಿದು ಕೋಲಿಗೆ ಕೈ ಹಾಕಿದರು. "ನೀವಿಬ್ಬರೂ ಅಲ್ಲಿಗೆ ಹೋಗಿ. ನಾನು ಕೆಳಗೆ ಲಾಂಡ್ರಿಯೋರ ಹತ್ರ ಕೂರ್ತೀನಿ. ಆರು ಜನ ಇದ್ದಾರೆ, ಯಾರು ಬಂದು ಏನು ಮಾಡ್ತಾರೆ." ಬಾಗಿಲ ಹತ್ತಿರ ಗುರುವಾರದವಳ ತೋಳು ಹಿಡಿದರು. "ನನ್ನ ಹೆಸರಲ್ಲಿ ಬರೆಯೋಕೆ ಮುಂಚೆ ಕೇಳಬಾರದಿತ್ತಾ. ನಾನೇ ಹೇಳಿ ಬರೆಸ್ತಿದ್ದೆ. ನಿನಗಿಂತ ಚೆನ್ನಾಗಿ ಬರೆಸ್ತಿದ್ದೆ."

ಅವಳು ಅಳಲು ಶುರುಮಾಡಿದಳು. ಮುಕ್ಕಣ್ಣಿ ಅವಳ ಚೀಲ ತಾನೇ ಹೊತ್ತುಕೊಂಡು ಮೆಟ್ಟಿಲಿಳಿದಳು.

ಟ್ಯಾಕ್ಸಿಯಲ್ಲಿ ಪೊಲೀಸ್ ಠಾಣೆಗೆ ಫೋನು ಮಾಡಿದಳು. ಮೇಡಂ, ಮುಚ್ಚಿದ ಕೇಸಿನ ಬಗ್ಗೆ ಆಗಿದ್ರೆ ಬರವಣಿಗೆಯಲ್ಲಿ ಕೊಡಿ ಎಂದರು ಆ ಕಡೆಯವರು. ಒಬ್ಬ ಕುರುಡರ ಪ್ರಾಣದ ಮಾತು ಎಂದಳು. ಗಸ್ತಿನ ಗಾಡಿ ಅರ್ಧ ಗಂಟೆಯಲ್ಲಿ ಬರುತ್ತದೆ ಎಂದರು. ಪಕ್ಕದಲ್ಲಿ ಗುರುವಾರದವಳು ಪ್ರತಿ ಸಿಗ್ನಲ್ಲಿಗೂ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಟ್ಯಾಂಕಿನ ಹಿಂದಿನ ಬೀದಿ ಕಿರಿದಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅಂಗಡಿಗಳ ಪರದೆಗಳು ಇಳಿದಿದ್ದವು. ಹಳೆಯ ಕಟ್ಟಡದ ಮುಂದೆ, ನೆರಳು ನೋಡಿ ಅಚ್ಚುಕಟ್ಟಾಗಿ ನಿಲ್ಲಿಸಿದ್ದ ಬೂದುಬಣ್ಣದ ಕಾರನ್ನು ಮುಕ್ಕಣ್ಣಿ ದೂರದಿಂದಲೇ ಗುರುತಿಸಿದಳು. ನಾಲ್ಕು ವರ್ಷ ಪ್ರತಿ ಬೆಳಗ್ಗೆ ಕಚೇರಿಯ ಅಂಗಳದಲ್ಲಿ ಅದನ್ನು ನೋಡಿದ್ದಳು.

ಮೂರು ಮಹಡಿ ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು. ಬಾಗಿಲು ಮುಚ್ಚಿತ್ತು. ಗುರುವಾರದವಳು ಮುಂದೆ ಹೋಗಿ ಎರಡು ಸಲ ತಟ್ಟಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ತಟ್ಟಿದಳು.

"ಮಾವಾ, ನಾನು."

ಒಳಗೆ ಹೆಜ್ಜೆಗಳು ಕೇಳಿಸಿದವು. ಅವಳ ಮುಖದಲ್ಲಿ ಜೀವ ಬಂತು. "ಎದ್ದು ಬರ್ತಿದ್ದಾರೆ."

ಮರುಕ್ಷಣ ಅವಳ ಕೈ ಮುಕ್ಕಣ್ಣಿಯ ಮಣಿಕಟ್ಟನ್ನು ಹಿಡಿಯಿತು. "ಮಾವ ಗೋಡೆ ತಡವಿಕೊಂಡು, ಕಾಲೆಳ್ಕೊಂಡು ಬರ್ತಾರೆ," ಎಂದಳು ಪಿಸುದನಿಯಲ್ಲಿ. "ಇದು ಅವರ ನಡಿಗೆ ಅಲ್ಲ."

ಚಿಲಕ ಸರಿಯಿತು.

ನಿರ್ದೇಶಕರು ಅಂಗಿಯ ತೋಳು ಮೊಣಕೈವರೆಗೆ ಮಡಿಸಿದ್ದರು. ಒದ್ದೆ ಕೈಗಳನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು, ಒಂದೊಂದೇ ಬೆರಳು. ಮುಕ್ಕಣ್ಣಿಯನ್ನು ನೋಡಿ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ," ಎಂದರು. "ಅವರಿಗೆ ಈಗ ತಾನೇ ನಿದ್ದೆ ಹತ್ತಿದೆ."